ಮೊದಲು ಬಂದವರೇ ದಾರ ಕತ್ತರಿಸಬೇಕು

ನನ್ನ ಕಾಲಿನ ದಾರವನ್ನು ಯಾವುದೋ ಆಮೆ ಕತ್ತರಿಸಿರಬೇಕು ಎಂಬುದು ನಮ್ಮ ಅತ್ತೆಯವರ ಖಚಿತ ಅಭಿಪ್ರಾಯ. ಇದನ್ನು ಅವರು ನಮ್ಮ ಮದುವೆಯ ದಿನವೇ, ನಾನು ಅಳಿಯನಾಗಿ ಅವರ ಅಂಗಳ ದಾಟಿ ಬರುತ್ತಿದ್ದಾಗ, ತಮ್ಮ ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದರು. (ಅವರು ಪಿಸುಗುಟ್ಟಿದರೆ ಪಕ್ಕದ ಮನೆಗೆ ಕೇಳಿಸುತ್ತದೆ. ಮಾತಾಡಿದರೆ ಪಕ್ಕದ ಊರಿಗೆ.)

ನಮ್ಮಲ್ಲಿ ಮಗು ಹೆಜ್ಜೆ ಇಡಲು ಶುರುಮಾಡಿದಾಗ ಅದರ ಎರಡೂ ಕಾಲುಗಳನ್ನು ಸೇರಿಸಿ, ಕಪ್ಪು ಬಿಳಿ ನೂಲು ಹೊಸೆದ ದಾರ ಕಟ್ಟುತ್ತಾರೆ. ದೂರದಿಂದ ಮಕ್ಕಳನ್ನು ಓಡಿಸುತ್ತಾರೆ. ಮೊದಲು ಬಂದವರು ದಾರ ಕತ್ತರಿಸಬೇಕು, ಕತ್ತರಿಸಿದವರ ನಡಿಗೆ ಮಗುವಿಗೆ ಬರುತ್ತದೆ. ನಡಿಗೆ ಮಾತ್ರವಲ್ಲ, ಅವರ ಚುರುಕು, ಅವರ ದೆಸೆ ಎಲ್ಲವೂ. ನನ್ನ ನಡಿಗೆ ನೋಡಿದವರು, ನನ್ನೂರು ಉಜ್ಗೆನ್‌ನಲ್ಲಿ ಆ ದಿನ ಓಟವೇ ನಡೆದಿರಲಿಕ್ಕಿಲ್ಲ, ಎಲ್ಲರೂ ಪಲಾವ್ ಉಂಡು ಮಲಗಿಬಿಟ್ಟಿರಬೇಕು ಎನ್ನುತ್ತಾರೆ. ನಾನು ದಕ್ಷಿಣದವನು, ಭತ್ತದ ಸೀಮೆಯವನು, ಚಪ್ಪಟೆ ಪಾದದವನು. ಈಗ ರಾಜಧಾನಿ ಬಿಷ್ಕೆಕ್‌ನ ಒಂದು ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ವೇಗ, ವೇಗೋತ್ಕರ್ಷ, ಜಡತ್ವ ಎಲ್ಲವನ್ನೂ ಕಪ್ಪು ಹಲಗೆಯ ಮೇಲೆ ನಿರಾಯಾಸವಾಗಿ ಸಾಧಿಸಬಲ್ಲೆ.

ನನ್ನ ಹೆಂಡತಿ ಬುರುಲ್ ಉತ್ತರದ ಬೆಟ್ಟದೂರು ಕರಕೋಲ್‌ನವಳು. ಹುಡುಗಿಯಾಗಿದ್ದಾಗ ಅಲ್ಲಿನ ಕ್ರೀಡಾಶಾಲೆಯ ತಂಡದಲ್ಲಿ ಸ್ಕೀ ಆಡಿದವಳು. ಅವಳ ಪದಕಗಳನ್ನು ಅತ್ತೆ ಗೋಡೆಗೆ ನೇತುಹಾಕಿದ್ದಾರೆ, ಊಟಕ್ಕೆ ನನ್ನನ್ನು ಯಾವಾಗಲೂ ಅವುಗಳ ಎದುರಿಗೇ ಕೂರಿಸುತ್ತಾರೆ. ಆದರೆ ಅವಳು ಸ್ಕೀ ಆಡುವುದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಮದುವೆಯಾದ ಮೊದಲ ಚಳಿಗಾಲ ಬಾಡಿಗೆ ಮನೆ ಹುಡುಕುವುದರಲ್ಲಿ ಹೋಯಿತು, ಎರಡನೆಯದು ಬಾಣಂತನದಲ್ಲಿ. ಈ ಸಲ ಜನವರಿಯ ಒಂದು ಸಂಜೆ ಟಿವಿಯಲ್ಲಿ ಯಾರೋ ಹಿಮದ ಮೇಲೆ ಇಳಿಯುತ್ತಿದ್ದರು. ಬುರುಲ್ ಕೈಯಲ್ಲಿ ತೊಳೆದ ಪಾತ್ರೆಯ ಮುಚ್ಚಳ ಹಿಡಿದು ನಿಂತಿದ್ದಳು. ಅವಳಿಗೇ ಗೊತ್ತಿಲ್ಲದೆ ಅವಳ ಮಂಡಿಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗುತ್ತಿದ್ದವು. ಫೆಬ್ರವರಿಯ ರಜೆಗೆ ನಿನ್ನನ್ನು ಬೆಟ್ಟದ ಮೇಲೆ ಕಳಿಸಿಯೇ ತೀರುತ್ತೇನೆ ಎಂದು ಅಲ್ಲೇ ಘೋಷಿಸಿದೆ.

ಘೋಷಣೆಯಾದ ಮೇಲೆ ಪ್ರಶ್ನೆ ಎದ್ದಿತು: ಅಕ್ಮೂರಳನ್ನು ನೋಡಿಕೊಳ್ಳುವವರು ಯಾರು?

ಅಕ್ಮೂರ್ ನಮ್ಮ ಮಗಳು. ವರ್ಷ ತುಂಬಿ ಸ್ವಲ್ಪ ದಿನವಾಗಿತ್ತು. ಸೋಫಾ ಹಿಡಿದು ನಿಲ್ಲುತ್ತಿದ್ದಳು, ಸೋಫಾ ಬಿಟ್ಟು ಒಂದು ಹೆಜ್ಜೆ ಇಟ್ಟು ಕೂತುಬಿಡುತ್ತಿದ್ದಳು. ಅತ್ತೆಯವರನ್ನು ಫೋನಿನಲ್ಲಿ ಕೇಳಿದೆ. ಬರುತ್ತೇನೆ, ಆದರೆ ನನ್ನ ಮಗಳು ಬೆಟ್ಟ ಇಳಿಯುವುದನ್ನು ನೋಡಲು ಬರುತ್ತೇನೆ, ಕೋಣೆಯಲ್ಲಿ ಕೂತು ಗೋಡೆ ನೋಡಲು ಅಲ್ಲ ಎಂದರು. ಹಾಗಾದರೆ ನಾನೇ ನೋಡಿಕೊಳ್ಳುತ್ತೇನೆ ಎಂದು ತ್ಯಾಗಕ್ಕೆ ಸಿದ್ಧನಾದೆ. ಬುರುಲ್ ಒಪ್ಪಲಿಲ್ಲ. ತುದಿಯಿಂದ ಇಸ್ಸಿಕ್ ಕುಲ್ ಸರೋವರ ಇಡಿಯಾಗಿ ಕಾಣುತ್ತದೆ, ಅದನ್ನು ನೀನು ನನ್ನ ಪಕ್ಕದಲ್ಲಿ ನಿಂತು ನೋಡಬೇಕು ಎಂದಳು. ಇಂಥ ಮಾತನ್ನು ಹೆಂಡತಿ ದಿನಾ ಆಡುವುದಿಲ್ಲ, ನಾನು ಕರಗಿಹೋದೆ.

ಆಗ ಹೊಳೆದದ್ದು ಶಿಶುವಿಹಾರ. ಸ್ಕೀ ತಾಣದಲ್ಲೇ ಸಣ್ಣ ಮಕ್ಕಳ ಕೋಣೆಯೊಂದಿದೆ, ಜಿಪಾರ್ ಅಕ್ಕ ಎಂಬಾಕೆ ನಡೆಸುತ್ತಾಳೆ ಎಂದು ಪತ್ತೆಮಾಡಿದೆ. ಆಕೆಗೆ ಫೋನ್ ಮಾಡಿ, ಮೇಷ್ಟ್ರೆಂದು ಪರಿಚಯಿಸಿಕೊಂಡು, ವಿಜ್ಞಾನಿಗೆ ತಕ್ಕ ಹಾಗೆ ವಿಚಾರಿಸಿದೆ: ಕೋಣೆ ಬೆಚ್ಚಗಿದೆಯೇ, ಒಲೆಗೆ ತಡೆಗಂಬಿ ಇದೆಯೇ, ಹಾಲು ಹಸುವಿನದೋ ಡಬ್ಬಿಯದೋ, ಕಿಟಕಿ ಎಷ್ಟು ಎತ್ತರ. ಎಲ್ಲಕ್ಕೂ ತೃಪ್ತಿಕರ ಉತ್ತರ ಬಂತು. ಕೇಳದೆ ಬಿಟ್ಟದ್ದು ಒಂದೇ ಒಂದು, ಅದು ನನಗೆ ಹೊಳೆಯಲೇ ಇಲ್ಲ.

ರಜೆಯಲ್ಲಿ ಒಂದು ಬೆಳಿಗ್ಗೆ ಕರಕೋಲ್‌ನಿಂದ ಅತ್ತೆಯವರನ್ನು ಹತ್ತಿಸಿಕೊಂಡು ಬೆಟ್ಟದ ತಾಣಕ್ಕೆ ಬಂದೆವು. ಸ್ಪ್ರೂಸ್ ಮರಗಳ ನಡುವಿನಿಂದ ಶಿಖರ ತಲೆಯೆತ್ತಿ ನಿಂತಿತ್ತು. ಬಿಸಿಲು ಬಿದ್ದ ಹಿಮ ಎಷ್ಟು ಬೆಳ್ಳಗಿತ್ತೆಂದರೆ ನಾನು ಬಾಯಿ ತೆರೆದುಕೊಂಡೇ ಇದ್ದೆ, ಹಲ್ಲು ಮರಗಟ್ಟಿದ ಮೇಲೆ ಗೊತ್ತಾಯಿತು. ಬಯಲಿನಲ್ಲಿ ಬೆಳೆದವನಿಗೆ ಇಷ್ಟು ದೊಡ್ಡದೊಂದು ಇಷ್ಟು ಹತ್ತಿರದಲ್ಲಿ ನಿಂತಿರುವುದೇ ಭಯ. ಬುರುಲ್ ಮಾತ್ರ ಪರಿಚಯದವರನ್ನು ನೋಡುವ ಹಾಗೆ ಅದನ್ನು ನೋಡಿ ನಕ್ಕಳು. ಬಾಡಿಗೆಯ ಸ್ಕೀ ತೊಟ್ಟುಕೊಂಡೆವು. ನನಗೆ ತೊಡಿಸಲು ಇಬ್ಬರು ಬೇಕಾದರು, ಆದ್ದರಿಂದ ಬಿಚ್ಚುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಬಿಚ್ಚಿದರೆ ಮತ್ತೆ ಆ ಇಬ್ಬರು ಸಿಗಬೇಕಲ್ಲ.

ಹಾಗೆ ಸ್ಕೀ ಸಮೇತ ಶಿಶುವಿಹಾರದ ಬಾಗಿಲಿಗೆ ಹೋಗಿ ನಿಂತೆ.

ಜಿಪಾರ್ ಅಕ್ಕ ದಪ್ಪಗೆ, ಶಾಂತವಾಗಿ, ಕೋಣೆಯ ನಡುವೆ ಕೂತಿದ್ದಳು. ಸುತ್ತ ಏಳೆಂಟು ಮಕ್ಕಳು. ಒಂದು ಅಳಲು ಬಾಯಿ ತೆರೆಯಿತು, ಆಕೆ ಅತ್ತ ತಿರುಗಿದಳು ಅಷ್ಟೇ, ಬಾಯಿ ಮುಚ್ಚಿತು. ನಾನು ಹನ್ನೆರಡು ವರ್ಷದಿಂದ ಮೇಷ್ಟ್ರು, ಇಂಥ ನೋಟ ನನಗೆ ಒಲಿದಿಲ್ಲ. ಮನಸ್ಸಿನಲ್ಲೇ ಕೈಮುಗಿದೆ. ಆಕೆ ಅಕ್ಮೂರಳನ್ನು ಎತ್ತಿಕೊಂಡು, ಕಾಲಿನ ಮೇಲೆ ನಿಲ್ಲಿಸಿ, ಪಾದ ಮುಟ್ಟಿ ನೋಡಿದಳು.

"ಇವಳ ದಾರ ಕತ್ತರಿಸಿದೀರಾ?"

ಇಲ್ಲ ಎಂದೆ. ಯಾಕಿಲ್ಲ ಎಂದು ವಿವರಿಸಲು ಹೋಗಲಿಲ್ಲ. ನಮ್ಮಮ್ಮನಿಗೆ ಆ ಶಾಸ್ತ್ರ ವಸಂತದಲ್ಲಿ ಉಜ್ಗೆನ್‌ನಲ್ಲೇ ಆಗಬೇಕು. ಅಲ್ಲಿ ನನ್ನ ಅಣ್ಣನ ಮಗ ಓಟಕ್ಕೆ ತಯಾರಾಗುತ್ತಿದ್ದಾನೆ. ಅತ್ತೆಗೆ ಕರಕೋಲ್‌ನಲ್ಲೇ ಆಗಬೇಕು. ದಕ್ಷಿಣದವರ ಕೈಗೆ ಮೊಮ್ಮಗಳ ಕಾಲು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅವರು ನನ್ನನ್ನೇ ಉದಾಹರಣೆಯಾಗಿ ತೋರಿಸುತ್ತಿದ್ದರು. ಎರಡು ಮಹಾಶಕ್ತಿಗಳ ನಡುವೆ ನಾನು ತಟಸ್ಥ ನೀತಿ ಅನುಸರಿಸಿದ್ದೆ.

ಜಿಪಾರ್ ಅಕ್ಕ ಮಗುವನ್ನು ನನ್ನ ಕೈಗೆ ವಾಪಸ್ ಕೊಟ್ಟಳು.

"ಹೆಜ್ಜೆ ಇಡ್ತಿರೋ ಮಗು. ದಾರ ಕತ್ತರಿಸೋವರೆಗೂ ಕಾಲು ಕಟ್ಟಿದ ಹಾಗೇ ಲೆಕ್ಕ. ಇಲ್ಲಿ ಎಡವಿ ಬಿದ್ದರೆ ನಾಳೆ ನಿಮ್ಮ ಕಡೆಯವರು, ನಿಮ್ಮಾಕೆ ಕಡೆಯವರು, ಎಲ್ಲರೂ ನನ್ನ ಬಾಗಿಲಿಗೇ ಬರ್ತಾರೆ. ಕತ್ತರಿಸ್ಕೊಂಡು ಬನ್ನಿ ಮೇಷ್ಟ್ರೇ, ಕಣ್ಣಲ್ಲಿಟ್ಟು ನೋಡ್ಕೊತೀನಿ."

ನಾನು ಗಂಟಲು ಸರಿಮಾಡಿಕೊಂಡೆ. ಮಗುವಿನ ನಡಿಗೆಗೆ ಕಾರಣ ಸ್ನಾಯು, ನರ ಮತ್ತು ಕಿವಿಯೊಳಗಿನ ಸಮತೋಲನ ಎಂಬುದನ್ನು ಸರಳವಾಗಿ, ಹಂತ ಹಂತವಾಗಿ ನಿರೂಪಿಸಿದೆ. ಆಕೆ ಒಂದು ಮಗುವಿನ ಮೂಗು ಒರೆಸುತ್ತ ಪೂರ್ತಿ ಕೇಳಿದಳು.

"ಸರಿ," ಎಂದಳು. "ಕತ್ತರಿ ಇದೆಯಾ, ನಾನು ಕೊಡಲಾ?"

ಸಹಾಯಕ್ಕಾಗಿ ಅತ್ತೆಯ ಕಡೆ ತಿರುಗಿದೆ. ಅವರು ಆಗಲೇ ಆಕೆಯ ಪಕ್ಕದಲ್ಲಿ ಹೋಗಿ ನಿಂತು ತಲೆದೂಗುತ್ತಿದ್ದರು. ಬುರುಲ್ ಕೈಗವಸುಗಳನ್ನು ಒಂದೊಂದೇ ಬೆರಳಿನಿಂದ ಎಳೆದು ಬಿಚ್ಚಿ ಜೇಬಿಗೆ ಹಾಕಿಕೊಂಡಳು.

"ಬಿಡು. ಮುಂದಿನ ವರ್ಷ ಬರೋಣ. ಬೆಟ್ಟ ಎಲ್ಲಿಗೆ ಹೋಗುತ್ತೆ."

ಅವಳು ಸಿಟ್ಟು ಮಾಡಿಕೊಂಡಿದ್ದರೆ ನಾನು ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ, ನನಗೆ ಅಭ್ಯಾಸವಿದೆ. ಈ ಸಮಾಧಾನದ ಮಾತನ್ನು ತಡೆಯಲಾಗಲಿಲ್ಲ. ತಟಸ್ಥ ನೀತಿ ಅಲ್ಲಿಗೆ ಮುಗಿಯಿತು. ಶಾಸ್ತ್ರ ಇಲ್ಲೇ ಆಗಲಿ, ಈಗಲೇ ಆಗಲಿ, ಮಧ್ಯಾಹ್ನದೊಳಗೆ ನೀನು ಮೇಲಿರುತ್ತೀಯೆ ಎಂದೆ. ನಮ್ಮಮ್ಮನಿಗೆ ಏನು ಹೇಳುವುದು ಎಂಬ ಪ್ರಶ್ನೆಯನ್ನು ವಸಂತಕ್ಕೆ ಮುಂದೂಡಿದೆ.

ಆಮೇಲೆ ಅತ್ತೆಯವರು ಕೆಲಸ ಮಾಡಿದ ರೀತಿ ನೋಡಿ ನನಗೆ ಬೆರಗಾಯಿತು, ಈಗ ನೆನೆದರೂ ಆಗುತ್ತದೆ. ತಮ್ಮ ಶಾಲಿನ ಅಂಚಿನಿಂದ ಕಪ್ಪು ನೂಲು ಕಿತ್ತರು. ಬಿಳಿ ನೂಲಿಗೆ ನನ್ನ ಸ್ವೆಟರ್ ಎಳೆದು ನೋಡಿದರು, ಅದು ಸಲೀಸಾಗಿ ಬಂತು, ಮೊಳಕೈವರೆಗೂ ಬಂತು. ತಾಣದ ಊಟದ ಮನೆಯ ಹೆಂಗಸರ ಕಿವಿಯಲ್ಲಿ ಏನೋ ಹೇಳಿದರು, ಬಾಣಲೆಯಲ್ಲಿ ಹಬ್ಬದ ಹಿಟ್ಟಿನ ತಿಂಡಿ ಬೋರ್ಸೋಕ್ ಕರಿಯುವ ವಾಸನೆ ಹಬ್ಬಿತು. ಹಿಮದ ಮೇಲೆ ಕಂಬಳಿ ಹಾಸಿಸಿದರು. ನಂತರ ಸ್ಕೀ ಕಲಿಯಲು ಬಂದಿದ್ದ ಮಕ್ಕಳ ಸಾಲಿಗೆ ಹೋಗಿ, ಭಾನುವಾರದ ಸಂತೆಯಲ್ಲಿ ಕುದುರೆ ನೋಡುವ ಹಾಗೆ ಒಬ್ಬೊಬ್ಬರ ಕಾಲನ್ನೂ ನೋಡಿದರು. ಊಲ್ಕಾನ್ ಎಂಬ ಹುಡುಗಿಯ ಮುಂದೆ ನಿಂತರು. ಒಂಬತ್ತು ವರ್ಷದವಳಿರಬೇಕು, ಜಿಲ್ಲೆಯಲ್ಲೇ ಅವಳನ್ನು ಹಿಂದೆ ಹಾಕುವವರಿಲ್ಲವಂತೆ.

"ಇವಳು," ಎಂದರು ಅತ್ತೆ. "ಉಳಿದವರೂ ಬರಲಿ, ಓಟ ಅಂದ್ಮೇಲೆ ನ್ಯಾಯವಾಗಿ ನಡೀಬೇಕು. ಆದರೆ ಬರೋಳು ಇವಳೇ."

ಒಂದು ಶಾಸ್ತ್ರೀಯ ತೊಡಕು ಬಂತು. ಸ್ಕೀ ಬೂಟು ತೊಟ್ಟ ಮಕ್ಕಳು ಓಡಲಾರರು. ಜಾರಿಕೊಂಡು ಬಂದರೆ ಅದು ಓಟವೇ? ಅತ್ತೆ ಮತ್ತು ಜಿಪಾರ್ ಅಕ್ಕ ಬಾಗಿಲಲ್ಲಿ ನಿಂತು ಗಂಭೀರವಾಗಿ ಚರ್ಚಿಸಿದರು. ಹಿಂದೆ ಅಜ್ಜಂದಿರ ಕಾಲದಲ್ಲಿ ಕುದುರೆ ಓಡಿಸಿದ್ದೂ ಉಂಟು, ಅಲ್ಲೂ ಓಡಿದ್ದು ಕುದುರೆಯ ಕಾಲು, ಆದ್ದರಿಂದ ಸ್ಕೀ ನಡೆಯುತ್ತದೆ ಎಂದು ತೀರ್ಪಾಯಿತು. ಕಲಿಯುವವರ ಇಳಿಜಾರಿನ ಮೇಲಿನಿಂದ ಮಕ್ಕಳು ಹೊರಡಬೇಕು, ಕೆಳಗೆ, ಶಿಶುವಿಹಾರದ ಬಾಗಿಲ ಹತ್ತಿರ, ಕಂಬಳಿಯ ಮೇಲೆ ಅಕ್ಮೂರ್. ಹಿಂದಿನಿಂದ ಅವಳ ಕಂಕುಳು ಹಿಡಿದು ಬುರುಲ್, ಪಕ್ಕದಲ್ಲಿ ತಟ್ಟೆಯಲ್ಲಿ ಕತ್ತರಿ ಇಟ್ಟುಕೊಂಡು ಅತ್ತೆ.

ತಂದೆಗೂ ಏನಾದರೂ ಕೆಲಸ ಬೇಡವೇ? ಮೇಲೆ ನಿಂತು ಟೋಪಿ ಬೀಸಿ ಓಟ ಶುರುಮಾಡುವ ಗೌರವ ನನಗೆ ಬಂತು. ಇದರಲ್ಲಿ ಕೆಡಿಸುವುದಕ್ಕೆ ಏನೂ ಇಲ್ಲ ಎಂದು ಅತ್ತೆ ಭಾವಿಸಿದ್ದರೆಂದು ಕಾಣುತ್ತದೆ.

ಸ್ಕೀ ತೊಟ್ಟವರನ್ನು ಮೇಲಕ್ಕೆಳೆಯುವ ಯಂತ್ರದ ಹಗ್ಗ ಹಿಡಿದು ಹೇಗೋ ಮೇಲೆ ತಲುಪಿದೆ. ಅಲ್ಲಿ ತಿರುಗಿ ನಿಂತು ನೋಡಿದೆ. ಕಾಡು, ಕಾಡಿನ ಆಚೆ ಬಿಳಿ ಬೆಟ್ಟಗಳ ಸಾಲು, ಅದರ ಸಂದಿಯಲ್ಲಿ ಒಂದು ನೀಲಿ ಗೆರೆ. ಅದೇ ಸರೋವರ. ಚಳಿಗಾಲದ ನಡುವೆ, ಹೆಪ್ಪುಗಟ್ಟದೆ, ನೀಲಿಯಾಗಿ ಮಲಗಿತ್ತು. ಇಲ್ಲಿಂದಲೇ ಇಷ್ಟಾದರೆ ತುದಿಯಿಂದ ಏನಿರಬೇಡ. ಕೆಳಗೆ ಕೆಂಪು ಟೋಪಿಯ ಒಂದು ಚುಕ್ಕೆ ಕಂಡಿತು, ನನ್ನ ಮಗಳು. ಇಷ್ಟು ದೊಡ್ಡ ಬೆಟ್ಟದ ಬುಡದಲ್ಲಿ ಇಷ್ಟು ಚಿಕ್ಕವಳು ಇನ್ನು ನಡೆಯಲು ಹೊರಡುತ್ತಾಳಲ್ಲ ಎಂದು ಕಣ್ಣು ತುಂಬಿ ಬಂತು. ಆ ಸ್ಥಿತಿಯಲ್ಲಿ ಟೋಪಿ ಎತ್ತಿ, ಭಾವಪೂರ್ಣವಾಗಿ, ಸ್ವಲ್ಪ ಹೆಚ್ಚೇ ಭಾವಪೂರ್ಣವಾಗಿ ಕೆಳಕ್ಕೆ ಬೀಸಿದೆ.

ಟೋಪಿ ಹೋದ ದಿಕ್ಕಿಗೆ ಕೈ ಹೋಯಿತು, ಕೈ ಹೋದ ದಿಕ್ಕಿಗೆ ನಾನು ಹೋದೆ. ಚಲಿಸುವ ವಸ್ತು ತಾನಾಗಿ ನಿಲ್ಲುವುದಿಲ್ಲ ಎಂದು ಪ್ರತಿವರ್ಷ ಏಳನೇ ತರಗತಿಗೆ ಹೇಳುತ್ತೇನೆ. ಅದು ಇಷ್ಟು ನಿಜ ಎಂದು ಗೊತ್ತಿರಲಿಲ್ಲ. ಮೊದಲ ಕಾಲುಭಾಗ ನಿಂತುಕೊಂಡೇ ಹೋದೆ, ಕೆಳಗಿದ್ದವರು ಮೆಚ್ಚಿ ಕೈಬೀಸಿದರಂತೆ. ನಂತರದ ಭಾಗ ಕೂತುಕೊಂಡು, ಉಳಿದದ್ದು ಬೆನ್ನ ಮೇಲೆ, ಎರಡು ಸ್ಕೀಗಳನ್ನೂ ಆಕಾಶಕ್ಕೆತ್ತಿಕೊಂಡು. ಹಿಂದೆ ಮಕ್ಕಳು ಬರುತ್ತಿರುವ ಸದ್ದು ಕೇಳುತ್ತಿತ್ತು. ಊಲ್ಕಾನ್ ಕ್ಷಣದಲ್ಲಿ ನನ್ನ ಹಿಂದೆಯೇ ಬಂದುಬಿಟ್ಟಳು. ದಾಟಿಬಿಡು ತಾಯಿ ಎಂದು ಕೂಗಲು ನೋಡಿದೆ, ಬಾಯಲ್ಲಿ ಹಿಮ ತುಂಬಿತ್ತು. ಅವಳು ದಾಟಲಿಲ್ಲ. ಇಳಿಜಾರಿನಲ್ಲಿ ಮುಂದಿರುವವನಿಗೆ ದಾರಿ ಬಿಡಬೇಕು, ಅದರಲ್ಲೂ ಹಿಡಿತ ತಪ್ಪಿದವನ ಹತ್ತಿರ ಹೋಗಬಾರದು ಎಂದು ಅವಳಿಗೆ ಮೊದಲ ದಿನವೇ ಕಲಿಸಿದ್ದರು. ಒಳ್ಳೆಯ ಹುಡುಗಿ. ವೇಗ ತಗ್ಗಿಸಿ, ಕೈಯೆತ್ತಿ ಉಳಿದ ಮಕ್ಕಳನ್ನೂ ತಡೆದು, ಮೆರವಣಿಗೆಯ ಹಾಗೆ ಎಲ್ಲರನ್ನೂ ನನ್ನ ಹಿಂದೆ ಕರೆತಂದಳು.

ನಾನು ಕಂಬಳಿಯ ಅಂಚಿಗೆ ಬಂದು ನಿಂತೆ. ನಿಂತೆ ಎನ್ನುವುದು ಮಾತಿಗೆ. ನನ್ನ ಮುಖದ ಮುಂದೆ ಎರಡು ಪುಟ್ಟ ಬೂಟು, ಅವುಗಳ ನಡುವೆ ಕಪ್ಪು ಬಿಳಿ ದಾರ. ಮೇಲೆ ನೋಡಿದರೆ ಅಕ್ಮೂರ್, ನನ್ನನ್ನು ಕಂಡು ಪರಮಾನಂದದಿಂದ ನಗುತ್ತಿದ್ದಳು. ನಗುತ್ತಿದ್ದವಳು ಅವಳೊಬ್ಬಳೇ.

ಅತ್ತೆ ತಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಇದು ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಓಡಿಸೋಣ ಎಂದು ತಡಬಡಿಸಿದರು. ಅವರು ತಡಬಡಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಜಿಪಾರ್ ಅಕ್ಕ ಬಾಗಿಲಿನಿಂದಲೇ ಆಗದೆಂದು ತಲೆಯಾಡಿಸಿದಳು.

"ಒಂದೇ ಮಗುವಿಗೆ ಎರಡು ಸಲ ಯಾರೂ ಓಡಿಸಲ್ಲ ಅಮ್ಮಾ. ಮೊದಲು ಬಂದವರು ಬಂದರು. ಅವರೇ ಕತ್ತರಿಸಬೇಕು."

"ಇವನು ಬಂದಿಲ್ಲ," ಎಂದರು ಅತ್ತೆ. "ಬಿದ್ದಿದಾನೆ."

"ಬಿದ್ದುಕೊಂಡೇ ಮೊದಲು ಬಂದ್ರಲ್ಲ."

ಅತ್ತೆ ಬುರುಲ್‌ಳ ಮುಖ ನೋಡಿದರು. ಅವಳು ನನ್ನನ್ನು ನೋಡುತ್ತಿದ್ದಳು. ತುಟಿ ಕಚ್ಚಿ ಹಿಡಿದಿದ್ದಳು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಕೊನೆಗೆ ಅವಳೇ ತಾಯಿಯ ಬೆನ್ನ ಹಿಂದಿನಿಂದ ಕತ್ತರಿ ತೆಗೆದು ನನ್ನ ಕೈಗೆ ಕೊಟ್ಟಳು.

ನಾನು ಶಾಸ್ತ್ರಗಳನ್ನು ನಂಬುವವನಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಕತ್ತರಿಯನ್ನು ದಾರದ ಹತ್ತಿರ ತಂದವನು ಹಿಂದಕ್ಕೆ ತೆಗೆದೆ. ಈ ಚಪ್ಪಟೆ ಪಾದ, ಈ ಎಡವಟ್ಟು, ಬಸ್ಸು ಹೊರಟ ಮೇಲೆ ನಿಲ್ದಾಣ ತಲುಪುವ ಈ ಗತಿ, ಎಲ್ಲ ಅವಳ ಪಾಲಿಗೆ ಬಂದರೆ? ಒಂದು ಕ್ಷಣ ಎದ್ದು ಓಡಿಹೋಗಬೇಕೆನಿಸಿತು, ಆದರೆ ಅದಕ್ಕೂ ಮೊದಲು ಏಳಬೇಕಲ್ಲ. ಅಕ್ಮೂರ್ ಬಗ್ಗಿ ನನ್ನ ಮೂಗು ಹಿಡಿದಳು. ದಾರ ಕತ್ತರಿಸಿದೆ.

ಇಬ್ಬರು ಕೈ ಹಿಡಿದು ನಡೆಸುವುದು ಪದ್ಧತಿ. ಯಾರೂ ಕೈ ಹಿಡಿಯುವುದಕ್ಕೆ ಮುಂಚೆಯೇ ಅವಳು ಹೊರಟಳು. ಒಂದು ಹೆಜ್ಜೆ, ಇನ್ನೊಂದು, ಮತ್ತೂ ಒಂದು. ಕಂಬಳಿ ದಾಟಿ ಹಿಮಕ್ಕೆ ಬಂದಳು. ನಾನು ಆ ದಿನ ಬೆಟ್ಟ ನೋಡಿದ್ದೆ, ಸರೋವರ ನೋಡಿದ್ದೆ, ಇದರ ಮುಂದೆ ಅವೆಲ್ಲ ಏನೂ ಅಲ್ಲ ಎನಿಸಿತು. ನಾಲ್ಕನೆಯ ಹೆಜ್ಜೆಗೆ ಕಾಲು ಹೊರಳಿ, ಥೇಟ್ ನನ್ನ ಹಾಗೆಯೇ, ಮೊದಲು ಕೂತು ಆಮೇಲೆ ಬೆನ್ನ ಮೇಲೆ ಬಿದ್ದಳು. ಅತ್ತೆಯ ಬಾಯಿಂದ ಸಣ್ಣ ನರಳಿಕೆ ಹೊರಟಿತು.

ಅಕ್ಮೂರ್ ಆಕಾಶ ನೋಡಿದಳು. ಪಕ್ಕಕ್ಕೆ ಹೊರಳಿದಳು, ಎರಡೂ ಕೈ ಹಿಮಕ್ಕೆ ಊರಿದಳು, ಅಂಡು ಮೇಲೆತ್ತಿದಳು, ತೂರಾಡಿದಳು, ಎದ್ದು ನಿಂತಳು. ಯಾರ ಕಡೆಯೂ ನೋಡದೆ ನೇರ ಶಿಶುವಿಹಾರದ ಬಾಗಿಲಿಗೆ ನಡೆದುಹೋಗಿ ಜಿಪಾರ್ ಅಕ್ಕನ ಲಂಗ ಹಿಡಿದುಕೊಂಡಳು. ಆಕೆ ಅವಳನ್ನೆತ್ತಿ ಸೊಂಟಕ್ಕೆ ಹಾಕಿಕೊಂಡಳು.

ಅತ್ತೆ ಕಣ್ಣೊರೆಸಿಕೊಂಡರು.

"ಬೀಳೋದು ನಿನ್ನಿಂದ ಬಂತು ಅಳಿಯಾ," ಎಂದರು. "ಏಳೋದು ನಮ್ಮ ಕಡೇದು."

ಬೀಳುವಾಗ ಉಳುಕಿದ ನನ್ನ ಪಾದ ಅಷ್ಟು ಹೊತ್ತಿಗೆ ಬೂಟಿನೊಳಗೆ ಊದಿಕೊಂಡಿತ್ತು. ಮೇಲೆ ಹೋಗುವ ಮಾತೇ ಇರಲಿಲ್ಲ. ನೀನು ಹೋಗು, ನಾನು ಇಲ್ಲಿಂದಲೇ ನೋಡುತ್ತೇನೆ ಎಂದೆ. ಬುರುಲ್ ನನ್ನ ಬೂಟು ಬಿಚ್ಚಿ, ಕಾಲಿಗೆ ಪಟ್ಟಿ ಸುತ್ತಿ, ಹಿಮ ಮೆತ್ತಿದ ನನ್ನ ಕೂದಲನ್ನು ಒಮ್ಮೆ ಕೊಡವಿ, ಕೈಗವಸು ಹಾಕಿಕೊಂಡು ಹೊರಟಳು. ತಂತಿಯಲ್ಲಿ ತೂಗುವ ಕುರ್ಚಿಯಲ್ಲಿ ಮೇಲೇರಿ ಮರಗಳ ಆಚೆ ಮರೆಯಾದಳು.

ಅತ್ತೆಯೂ ನಾನೂ ಬೆಂಚಿನ ಮೇಲೆ ಕೂತು ಕಾದೆವು. ತುಂಬ ಹೊತ್ತಾದ ಮೇಲೆ ಎತ್ತರದಲ್ಲಿ ಒಂದು ಚುಕ್ಕೆ ಕಂಡಿತು. ಅದು ಇಳಿಯುತ್ತಿರಲಿಲ್ಲ, ಬೆಟ್ಟದ ಮೇಲೆ ಯಾರೋ ನಿಧಾನವಾಗಿ ಬರೆಯುತ್ತಿರುವಂತಿತ್ತು. ಎಡಕ್ಕೊಂದು ಬಳುಕು, ಬಲಕ್ಕೊಂದು ಬಳುಕು, ಹಿಂದೆ ಹಿಮದ ಧೂಳು. ಇವಳು ದಿನಾ ಬೆಳಿಗ್ಗೆ ನನ್ನ ಕಾಲುಚೀಲ ಹುಡುಕಿಕೊಡುವವಳೇ? ನಾನು ಇಷ್ಟು ವರ್ಷ ಯಾರ ಜೊತೆ ಇದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ಅತ್ತೆಯ ಮಂಡಿಗಳು ಶಾಲಿನೊಳಗೆ ಎಡಕ್ಕೂ ಬಲಕ್ಕೂ ಬಾಗುತ್ತಿದ್ದವು.

ಕೊನೆಯ ತಿರುವಿನಲ್ಲಿ, ಎಲ್ಲರ ಕಣ್ಣ ಮುಂದೆ, ಬುರುಲ್ ಬಿದ್ದಳು. ಸ್ಕೀ ಒಂದು ಕಡೆ, ಕೋಲು ಒಂದು ಕಡೆ. ನನ್ನ ಜೀವ ಬಾಯಿಗೆ ಬಂತು. ಅವಳು ಎದ್ದು, ಬಟ್ಟೆ ಕೊಡವಿಕೊಂಡು, ನಗುತ್ತ ನಮ್ಮತ್ತ ಕೈಬೀಸಿ ಸ್ಕೀ ತೊಟ್ಟುಕೊಳ್ಳತೊಡಗಿದಳು. ಆಗ ಜೀವ ಸ್ವಸ್ಥಾನಕ್ಕೆ ಮರಳಿತು, ಮರಳುವಾಗ ಒಂದು ಮಾತನ್ನೂ ತಂದಿತು. ಮೂರು ವರ್ಷದಲ್ಲಿ ಮೊದಲ ಬಾರಿ ದೇವರು ನನ್ನ ಕೈಗೊಂದು ಅಸ್ತ್ರ ಕೊಟ್ಟಿದ್ದ. ಅದನ್ನು ತುಂಬ ವಿನಯದಿಂದ ಪ್ರಯೋಗಿಸಿದೆ.

"ಅತ್ತೇ, ಈ ಬೀಳೋದು ಯಾವ ಕಡೇದು?"

ಅತ್ತೆ ಮಗಳ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

"ಮೂರು ವರ್ಷ ನಿನ್ನ ಜೊತೆ ಸಂಸಾರ ಮಾಡಿದಾಳಲ್ಲ," ಎಂದರು. "ಸಹವಾಸ ದೋಷ."

ಹಾಗೆಂದು ತಮ್ಮ ಶಾಲಿನ ಒಂದು ತುದಿಯನ್ನು ನನ್ನ ಊದಿದ ಕಾಲಿನ ಮೇಲೆ ಎಳೆದು ಹೊದಿಸಿದರು. ನಾವಿಬ್ಬರೂ ಅವಳು ಇಳಿದು ಬರುವುದನ್ನು ನೋಡುತ್ತ ಕೂತೆವು.